ಪದಚರ್ಚೆ: ಹಳೆಯ ಹೆಸರಿನ ಹೊಸ ಕಾರಿಗೆ ‘ಮರುಹುಟ್ಟು’ ಒಪ್ಪುತ್ತದೆಯೇ?

ಮಾನ್ಯರೇ,
ನಾಳೆ ಸಂಜೆಯೊಳಗೆ ವಾಹನ ಪತ್ರಿಕೆಯೊಂದಕ್ಕೆ ಅನುವಾದ ಮುಗಿಸಿಕೊಡಬೇಕು. ವಿಷಯ ಫ್ರಾನ್ಸಿನ ಆಲ್ಪೀನ್ ಎ110. 1977ರಲ್ಲಿ ತಯಾರಿಕೆ ನಿಂತ ಈ ಸ್ಪೋರ್ಟ್ಸ್ ಕಾರು 2017ರಲ್ಲಿ ಅದೇ ಹೆಸರು ಹೊತ್ತು, ಅದೇ ದಿಯೆಪ್ ಊರಿನಿಂದ ಮತ್ತೆ ಬಂತು. ಶೀರ್ಷಿಕೆಯಲ್ಲಿ ‘ಪುನರುಜ್ಜೀವನ’ ಎಂದು ಬರೆದಿದ್ದೆ. ಕೆರೆಯ ಸುದ್ದಿಯಂತೆ ಕೇಳಿಸುತ್ತದೆ ಎಂದು ಸಂಪಾದಕರು ಹಿಂದಿರುಗಿಸಿದ್ದಾರೆ. ಜೀರ್ಣೋದ್ಧಾರ, ಮರುಜನ್ಮ, ಮರುಹುಟ್ಟು: ಇವುಗಳಲ್ಲಿ ಯಾವುದು?

ಉತ್ತರ 1
‘ಮರುಜನ್ಮ’ ಬೇಡವೇ ಬೇಡ. ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದ ಅರಿಸಮಾಸ. ಹಳಗನ್ನಡ ವ್ಯಾಕರಣಕಾರ ಕೇಶಿರಾಜನನ್ನು ಓದಿದವರು ಇದನ್ನು ಕೇಳಬೇಕಾಗಿಯೇ ಇರಲಿಲ್ಲ. ಪುನರ್ಜನ್ಮ ಎನ್ನಿ, ಇಲ್ಲವೇ ಮರುಹುಟ್ಟು ಎನ್ನಿ. ಹಾಗೆಯೇ ‘ಸ್ಪೋರ್ಟ್ಸ್ ಕಾರು’ ತೆಗೆದು ‘ಓಟಬಂಡಿ’ ಎಂದು ಬರೆಯಿರಿ.

ಉತ್ತರ 2
ಮರುಮುದ್ರಣ, ಮರುಪರೀಕ್ಷೆ, ಮರುಪ್ರಸಾರ ಎಲ್ಲವೂ ಅರಿಸಮಾಸಗಳೇ, ದಿನವೂ ಅಚ್ಚಾಗುತ್ತಿವೆ. ಆ ವಾದವನ್ನು ಇಲ್ಲಿಗೇ ಬಿಡೋಣ.

ಅನುವಾದಕರು ನೋಡಬೇಕಾದದ್ದು ವಸ್ತುವನ್ನು. ಜೀರ್ಣೋದ್ಧಾರ ಖಂಡಿತ ಸಲ್ಲದು: ಹಳೆಯ ಗುಡಿಯನ್ನೇ ಸರಿಪಡಿಸಿ ನಿಲ್ಲಿಸಿದರೆ ಜೀರ್ಣೋದ್ಧಾರ. ಶೆಡ್ಡಿನಲ್ಲಿ ತುಕ್ಕು ಹಿಡಿದಿದ್ದ 1971ರ ಕಾರನ್ನು ರಿಪೇರಿ ಮಾಡಿ ರಸ್ತೆಗಿಳಿಸಿದವರಿಗೆ ಆ ಮಾತು ಸಲ್ಲುತ್ತದೆ. ಹೊಸ ಎ110ರಲ್ಲಿ ಹಳೆಯದರ ಒಂದು ಬೋಲ್ಟೂ ಇಲ್ಲ. ಹಳೆಯದು ಫೈಬರ್ ಗ್ಲಾಸ್ ಮೈಯದು, ಎಂಜಿನ್ ಹಿಂದಿನ ಚಕ್ರಗಳ ಅಚ್ಚಿನಿಂದಲೂ ಆಚೆ. ಹೊಸದು ಅಲ್ಯೂಮಿನಿಯಂ, ಎಂಜಿನ್ ಸೀಟಿಗೂ ಹಿಂದಿನ ಅಚ್ಚಿಗೂ ನಡುವೆ. ಅಭಿಮಾನಿಗಳ ಜಗಳವೂ ಇದೇ. ಸುಮಾರು 1,100 ಕಿಲೋ ತೂಕಕ್ಕೆ 252 ಅಶ್ವಶಕ್ತಿ ಸಾಕೆಂದು ನಿರ್ಧರಿಸಿದ ಆ ಹಗುರತನದಲ್ಲೇ 1973ರ ವಿಶ್ವ ರ‍್ಯಾಲಿ ಪ್ರಶಸ್ತಿ ಗೆದ್ದ ಕಾರು ಬದುಕಿದೆ ಎಂದು ಒಂದು ಪಕ್ಷ. ಗೇರ್ ತಾನೇ ಬದಲಾಗುವಂತೆ ಮಾಡಿ ಕ್ಲಚ್ ಪೆಡಲನ್ನೇ ಕಿತ್ತುಹಾಕಿದ ಮೇಲೆ ಉಳಿದದ್ದು ಹೆಸರು ಮಾತ್ರ ಎಂದು ಇನ್ನೊಂದು ಪಕ್ಷ. ಸಂಸ್ಥೆ ಹುಟ್ಟಿದ 1955ರ ನೆನಪಿಗೆಂದು ಹೊರತಂದ ಮೊದಲ 1,955 ಕಾರುಗಳು ಕೆಲವೇ ದಿನಗಳಲ್ಲಿ ಕಾಯ್ದಿರಿಸಿ ಮುಗಿದವು; ಜಗಳ ಮಾತ್ರ ಮುಗಿಯಲಿಲ್ಲ.

ಇಲ್ಲಿ ‘ಮರು’ ನಮ್ಮ ಕೈ ಹಿಡಿಯುತ್ತದೆ. ಹಳಗನ್ನಡದಲ್ಲಿ ಇದು ಶಕಟರೇಫದ, ಎಂದರೆ ಈಗ ಬಳಕೆ ತಪ್ಪಿದ ‘ಱ’ ಅಕ್ಷರದ, ‘ಮಱು’. ‘ಮತ್ತೆ’ ಎಂಬುದು ಅದರ ಒಂದು ಅರ್ಥ ಮಾತ್ರ. ಮರುದಿನ ಎಂದರೆ ನಿನ್ನೆಯೇ ತಿರುಗಿ ಬಂದದ್ದಲ್ಲ, ಮುಂದಿನ ದಿನ. ಮರುಮಾತು ಎಂದರೆ ಹೇಳಿದ್ದನ್ನೇ ಹೇಳುವುದಲ್ಲ, ಎದುರಿನಿಂದ ಬರುವ ಇನ್ನೊಂದು ಮಾತು. ಹಾಗೆ ಮರುಹುಟ್ಟಿನಲ್ಲಿ ‘ಅದೇ’ ಎನ್ನುವವರಿಗೂ ‘ಬೇರೆ’ ಎನ್ನುವವರಿಗೂ ಜಾಗವಿದೆ. ‘ಪುನರ್’ ಇಷ್ಟು ಅಗಲವಾಗಿ ತೆರೆದುಕೊಳ್ಳುವುದಿಲ್ಲ.

ಉತ್ತರ 1ರವರಿಂದ
ಮರುಹುಟ್ಟು ಎಂದು ನಾನೂ ಹೇಳಿದ್ದೆ. ಓಟಬಂಡಿಗೆ ಉತ್ತರ ಬರಲಿಲ್ಲ. ಎರವಲು ಪದಗಳನ್ನು ಹೀಗೆ ಬಾಗಿಲು ತೆರೆದು ಕರೆದರೆ ಕನ್ನಡಕ್ಕೆ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

ಉತ್ತರ 2ರವರಿಂದ
ಉತ್ತರ ಕೊಡುತ್ತೇನೆ. ‘ಕಾರ್’ ಎಂಬುದು ಉಕಾರ ಸೇರಿಸಿಕೊಂಡು ಕಾರು, ಕಾರಿನ, ಕಾರುಗಳು ಎಂದು ನಮ್ಮ ವ್ಯಾಕರಣಕ್ಕೆ ಒಗ್ಗಿ ತಲೆಮಾರುಗಳೇ ಕಳೆದಿವೆ. ಅದನ್ನು ಹೊರಗಟ್ಟುವ ಹಕ್ಕು ನಮಗಿಲ್ಲ. ಬಂಡಿ ಎಂದೊಡನೆ ಓದುಗನ ಕಣ್ಣಿಗೆ ಎತ್ತುಗಳು ಬರುತ್ತವೆ. ನಾಳೆ ಸಂಜೆಯೊಳಗೆ ಅವುಗಳನ್ನು ಬಿಚ್ಚಲಾಗದು.

ಪ್ರಶ್ನೆ ಕೇಳಿದವರಿಂದ
ಇಬ್ಬರಿಗೂ ವಂದನೆ. ‘ಎ110: ನಲವತ್ತು ವರ್ಷಗಳ ನಂತರ ಮರುಹುಟ್ಟು’ ಎಂದು ಕಳುಹಿಸಿದ್ದೇನೆ. ಒಳಗಿನ ಬರಹದಲ್ಲಿ ಕಾರು, ಕ್ಲಚ್, ಪೆಡಲ್ ಇದ್ದ ಹಾಗೆಯೇ ಇವೆ. ಹಳೆಯ ಕಾರಿನ ನಡುವೆ ಉದ್ದಕ್ಕೂ ಹಾಯುವ ಅಡಿಚೌಕಟ್ಟಾದ ‘ಬ್ಯಾಕ್‌ಬೋನ್ ಚಾಸಿ’ಗೆ ‘ಬೆನ್ನೆಲುಬು ಚಾಸಿ’ ಎಂದು ಬರೆದಿದ್ದೇನೆ. ಆಕ್ಷೇಪವಿದ್ದವರು ನಾಳೆ ಮಧ್ಯಾಹ್ನದೊಳಗೆ ತಿಳಿಸಿ.