ಡಬಲ್ ಎಂಟ್ರಿ ಕಂಡುಹಿಡಿದದ್ದು ನಿಜವಾಗ್ಲೂ ಪಾಚೋಲಿನಾ?

ಬಿಕಾಂ_ಎರಡನೇ_ವರ್ಷ:
ಎಲ್ಲರಿಗೂ ನಮಸ್ಕಾರ. ನಮ್ಮ ನೋಟ್ಸ್‌ನಲ್ಲಿ ಇಟಲಿಯ ಲೂಕಾ ಪಾಚೋಲಿ 1494ರಲ್ಲಿ ಡಬಲ್ ಎಂಟ್ರಿ (ಪ್ರತಿ ವ್ಯವಹಾರವನ್ನೂ ಒಂದು ಖಾತೆಗೆ ಡೆಬಿಟ್, ಇನ್ನೊಂದಕ್ಕೆ ಕ್ರೆಡಿಟ್ ಅಂತ ಎರಡು ಸಲ ಬರೆಯೋ ಲೆಕ್ಕದ ಪದ್ಧತಿ) ಕಂಡುಹಿಡಿದರು ಅಂತ ಒಂದೇ ಸಾಲಲ್ಲಿ ಮುಗಿಸಿದ್ದಾರೆ. ಅವರು ಸನ್ಯಾಸಿ, ಗಣಿತದ ಮೇಷ್ಟ್ರು. ಅಂಗಡಿ ಇಟ್ಟವರಲ್ಲ. ಅವರಿಗೆ ಡೆಬಿಟ್-ಕ್ರೆಡಿಟ್ ಹೇಗೆ ಹೊಳೆಯಿತು?

ಖಾತೆಕಿರ್ದಿ:
ಅವರಿಗೆ ಹೊಳೆದದ್ದಲ್ಲ, ಅವರೂ ಹಾಗೆ ಹೇಳಿಕೊಂಡಿಲ್ಲ. ವೆನಿಸ್‌ನಲ್ಲಿ ಬಳಕೆಯಲ್ಲಿರುವ ಪದ್ಧತಿಯನ್ನೇ ವಿವರಿಸ್ತೀನಿ ಅಂತ ಬರೆದಿದ್ದಾರೆ. ಹರೆಯದಲ್ಲಿ ಅಲ್ಲಿನ ಒಬ್ಬ ವ್ಯಾಪಾರಿಯ ಮಕ್ಕಳಿಗೆ ಪಾಠ ಹೇಳ್ತಿದ್ದರು, ಹಾಗಾಗಿ ಆ ಲೆಕ್ಕವನ್ನೆಲ್ಲ ಹತ್ತಿರದಿಂದ ನೋಡಿದ್ದರು. ರಗುಸಾದ (ಈಗಿನ ಕ್ರೊಯೇಷಿಯಾದ ಡುಬ್ರೊವ್ನಿಕ್) ವ್ಯಾಪಾರಿ ಬೆನೆಡೆಟ್ಟೊ ಕೋಟ್ರುಲ್ಯಿ 1458ರಲ್ಲೇ ಈ ಬಗ್ಗೆ ಬರೆದಿದ್ದರು, ಆದರೆ ಅದು ಅಚ್ಚಾಗಿದ್ದು 1573ರಲ್ಲಿ. ಪಾಚೋಲಿಯ ಪುಸ್ತಕ 1494ರಲ್ಲೇ ಅಚ್ಚಾಗಿ ಊರೂರಿಗೆ ಹೋಯಿತು, ಹೆಸರೂ ಅವರಿಗೇ ಬಂತು.

ಮೆಣಸಿನ_ಮೂಟೆ:
ಇದಕ್ಕಿಂತ ಹಳೇದು ಇಟಲಿಯದ್ದೇ ಜಿನೋವಾ ನಗರದಲ್ಲಿದೆ. ನಗರಾಡಳಿತದ ಲೆಕ್ಕದಲ್ಲಿ ಮೋಸ ಜಾಸ್ತಿಯಾಗಿ, ಬ್ಯಾಂಕಿನವರು ಇಡುವ ಹಾಗೆಯೇ ಲೆಕ್ಕ ಇಡಬೇಕು ಅಂತ 1327ರಲ್ಲಿ ಕಟ್ಟಳೆ ಮಾಡಿದರು. 1340ರ ಅವರ ಲೆಡ್ಜರ್ (ಖಾತೆವಾರು ಲೆಕ್ಕದ ಪುಸ್ತಕ) ಈಗಲೂ ಉಳಿದಿದೆ. ಎಡಗಡೆ ಡೆಬಿಟ್, ಬಲಗಡೆ ಕ್ರೆಡಿಟ್. ಅದರಲ್ಲಿ ಕಾಳುಮೆಣಸಿಗೇ ಒಂದು ಖಾತೆ ಇದೆ! ಕೊಂಡದ್ದು, ಮಾರಿದ್ದು, ಕೊನೆಗೆ ಆದ ನಷ್ಟವನ್ನು ಬೇರೆ ಖಾತೆಗೆ ಒಯ್ದು ಎರಡೂ ಕಡೆ ಸರಿದೂಗಿಸಿದ್ದು, ಎಲ್ಲಾ ಕಾಣುತ್ತೆ. ಆಗ ಯುರೋಪಿಗೆ ಮೆಣಸು ಬಹುಪಾಲು ಮಲಬಾರ್ ಕಡೆಯಿಂದಲೇ ಹೋಗ್ತಿದ್ದದ್ದು, ಅದನ್ನು ನೆನೆದರೆ ಆ ಹಾಳೆ ನನಗೆ ಇನ್ನೂ ಹತ್ತಿರದ್ದು ಅನ್ನಿಸುತ್ತೆ.

ಹಳೇ_ಲೆಕ್ಕಿಗ:
ಇನ್ನೂ ಹಿಂದಕ್ಕೆ ಹೋದರೆ ಫರೋಲ್ಫಿ ಕಂಪನಿಯ 1299–1300ರ ಲೆಡ್ಜರ್ ಇದೆ, ಇಟಲಿಯ ಫ್ಲಾರೆನ್ಸ್‌ನವರು ದಕ್ಷಿಣ ಫ್ರಾನ್ಸಿನ ಪ್ರಾವೆನ್ಸ್‌ನಲ್ಲಿಟ್ಟಿದ್ದ ಶಾಖೆಯದು. ನಾಲ್ಕು ವರ್ಷದ ಬಾಡಿಗೆ ಮುಂಗಡ ಕೊಟ್ಟು, ಒಂದು ವರ್ಷದ್ದು ಮಾತ್ರ ಖರ್ಚಿಗೆ ಹಾಕಿ, ಉಳಿದದ್ದನ್ನು ಮುಂದಕ್ಕೆ ಎಳೆದಿದ್ದಾರೆ. ನೀವು ಪರೀಕ್ಷೆಯಲ್ಲಿ ಬರೆಯೋ ಪ್ರೀಪೇಯ್ಡ್ ರೆಂಟ್ ಇದೇ ಅಲ್ವಾ? ಪಾಲುದಾರರು ಒಂದೂರಲ್ಲಿ, ಏಜೆಂಟರು ಇನ್ನೊಂದೂರಲ್ಲಿ, ವ್ಯವಹಾರವೆಲ್ಲ ಸಾಲದ ಮೇಲೆ. ಯಾರು ಯಾರಿಗೆ ಎಷ್ಟು ಕೊಡಬೇಕು, ಲಾಭ ಹೇಗೆ ಹಂಚಬೇಕು ಅನ್ನೋದು ಬರೀ ನೆನಪಲ್ಲಿ ನಿಲ್ಲೋ ಮಾತಲ್ಲ. ಈ ಪದ್ಧತಿ ಹುಟ್ಟಿದ್ದು ಆ ಅಗತ್ಯದಿಂದಲೇ.

ಬಿಕಾಂ_ಎರಡನೇ_ವರ್ಷ:
ತುಂಬಾ ಥ್ಯಾಂಕ್ಸ್. ಹಾಗಾದ್ರೆ ಪಾಚೋಲಿ ಏನು ಕಲಿಸಿದರು?

ಖಾತೆಕಿರ್ದಿ:
ಮೂರು ಪುಸ್ತಕ ಇಡೋದನ್ನು. ಮೊದಲನೆಯದರಲ್ಲಿ ವ್ಯವಹಾರ ಆದ ಹಾಗೇ, ಯಾವ ನಾಣ್ಯ ಬಂತೋ ಅದರಲ್ಲೇ ಬರೆಯೋದು. ಅದನ್ನು ಒಂದೇ ನಾಣ್ಯಕ್ಕೆ ತಂದು ಎರಡನೇ ಪುಸ್ತಕವಾದ ಜರ್ನಲ್‌ಗೆ (ದಿನವಹಿಗೆ). ಅಲ್ಲಿಂದ ಲೆಡ್ಜರ್‌ಗೆ ಎರಡು ಸಲ. ಡೆಬಿಟ್ ಕಡೆ ಹಾಕಿದ ಮೇಲೆ ಜರ್ನಲ್‌ನ ಆ ನಮೂದಿನ ಮೇಲೆ ಒಂದು ಗೆರೆ, ಕ್ರೆಡಿಟ್ ಹಾಕಿದ ಮೇಲೆ ಇನ್ನೊಂದು. ಒಂದೇ ಗೆರೆ ಕಂಡರೆ ಇನ್ನೊಂದು ಕಡೆ ಹಾಕೋದು ಬಾಕಿ ಇದೆ ಅಂತ ಲೆಕ್ಕ.