ಕರ್ಟ್ ವಾರ್ನರ್ ವೃತ್ತಿಜೀವನದ ನಡುವಿನ ಬರಗಾಲಕ್ಕೆ ಕಾರಣವೇನು?

ಪ್ರಶ್ನೆ

ಕೆಲವು ತಿಂಗಳುಗಳಿಂದ ಅಮೆರಿಕನ್ ಫುಟ್‌ಬಾಲ್‌ನ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಕ್ರಮಣ ನಡೆಸುವ ಆಟಗಾರ) ಕರ್ಟ್ ವಾರ್ನರ್ ಆಡಿದ ಹಳೆಯ ಪಂದ್ಯಗಳನ್ನು ಒಂದೊಂದಾಗಿ ನೋಡುತ್ತಿದ್ದೇನೆ. ಅವರ ಬಗ್ಗೆ ಬರೆದವರೆಲ್ಲ ಹೆಚ್ಚಾಗಿ ಹೇಳುವುದು ಆರಂಭದ ಕತೆಯನ್ನೇ: 1994ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಪ್ರಕ್ರಿಯೆ) ಯಾವ ತಂಡವೂ ಆರಿಸಿಕೊಳ್ಳದ, ಗ್ರೀನ್ ಬೇ ಪ್ಯಾಕರ್ಸ್ ತರಬೇತಿ ಶಿಬಿರದಿಂದಲೂ ಹೊರಬಿದ್ದ ಹುಡುಗ ಅಯೋವಾದ ದಿನಸಿ ಅಂಗಡಿಯೊಂದರಲ್ಲಿ ರಾತ್ರಿ ಪಾಳಿಯಲ್ಲಿ ಕಪಾಟುಗಳಿಗೆ ಸಾಮಾನು ಜೋಡಿಸುತ್ತಿದ್ದು, ಐದು ವರ್ಷಗಳ ನಂತರ ಎನ್‌ಎಫ್‌ಎಲ್ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದದ್ದು. ಅದು ನಿಜಕ್ಕೂ ದೊಡ್ಡ ಕತೆ. ಆದರೆ ನನ್ನನ್ನು ಕಾಡುತ್ತಿರುವುದು ಅದರ ಮುಂದಿನ ಭಾಗ. 1999 ಮತ್ತು 2001ರಲ್ಲಿ ಲೀಗಿನ ಅತ್ಯಂತ ಮೌಲ್ಯಯುತ ಆಟಗಾರ ಎನಿಸಿಕೊಂಡ ವ್ಯಕ್ತಿ 2002ರಲ್ಲಿ ತಾವು ಆರಂಭಿಸಿದ ಆರೂ ಪಂದ್ಯಗಳನ್ನು ಸೋತರು, ಎರಡು ತಂಡಗಳಲ್ಲಿ ಕಿರಿಯರಿಗೆ ಜಾಗ ಬಿಟ್ಟುಕೊಟ್ಟರು, ಆಮೇಲೆ 37ನೆಯ ವಯಸ್ಸಿನಲ್ಲಿ ಅರಿಜೋನಾ ಕಾರ್ಡಿನಲ್ಸ್ ತಂಡವನ್ನು ಮತ್ತೆ ಸೂಪರ್ ಬೌಲ್‌ಗೆ ಕರೆದೊಯ್ದರು. ಅವರ ಯಶಸ್ಸು ಸುತ್ತಲಿದ್ದ ಪ್ರತಿಭಾವಂತರ ಕೊಡುಗೆಯಾಗಿತ್ತೇ? ಹಾಗಲ್ಲದಿದ್ದರೆ ಈ ನಡುವಿನ ವರ್ಷಗಳನ್ನು ಹೇಗೆ ಅರ್ಥಮಾಡಿಕೊಳ್ಳಬೇಕು?

ಉತ್ತರ 1

ನಿಮ್ಮ ಪ್ರಶ್ನೆಗೆ ಉತ್ತರ ಅವರು ಚೆಂಡು ಎಸೆಯುತ್ತಿದ್ದ ರೀತಿಯಲ್ಲೇ ಇದೆ ಎಂಬುದು ನನ್ನ ನಂಬಿಕೆ. ಆ ರೀತಿ ರೂಪುಗೊಂಡದ್ದು ಅಯೋವಾ ಬಾರ್ನ್‌ಸ್ಟಾರ್ಮರ್ಸ್ ಪರವಾಗಿ ಅರೀನಾ ಫುಟ್‌ಬಾಲ್ ಆಡಿದ 1995ರಿಂದ 1997ರವರೆಗಿನ ಮೂರು ಋತುಗಳಲ್ಲಿ. ಒಳಾಂಗಣದಲ್ಲಿ ನಡೆಯುವ ಆ ಆಟದ ಮೈದಾನದ ಉದ್ದ ಕೇವಲ 50 ಯಾರ್ಡ್. ಒಂದು ತಂಡಕ್ಕೆ ಎಂಟೇ ಆಟಗಾರರು. ಸ್ನ್ಯಾಪ್ ಆಗುವ, ಅಂದರೆ ಚೆಂಡು ಕ್ವಾರ್ಟರ್‌ಬ್ಯಾಕ್ ಕೈಗೆ ಬಂದು ಆಟ ಶುರುವಾಗುವ ಮೊದಲೇ ಒಬ್ಬ ರಿಸೀವರ್ (ಎಸೆದ ಚೆಂಡನ್ನು ಹಿಡಿಯುವ ಆಟಗಾರ) ಮುಂದಕ್ಕೆ ಓಡತೊಡಗಬಹುದು. ಅಂಥಲ್ಲಿ ಕ್ವಾರ್ಟರ್‌ಬ್ಯಾಕ್ ನಿಂತು ಯೋಚಿಸಲು ಸಮಯವೇ ಇರುವುದಿಲ್ಲ. ರಿಸೀವರ್ ಇನ್ನೂ ಬೆನ್ನು ತೋರಿಸಿ ಓಡುತ್ತಿರುವಾಗಲೇ, ಅವನು ತಿರುಗುವ ಜಾಗವನ್ನು ಅಂದಾಜು ಮಾಡಿ ಚೆಂಡನ್ನು ಬಿಡಬೇಕು.

1999ರಲ್ಲಿ ಸೇಂಟ್ ಲೂಯಿಸ್ ರ್‍ಯಾಮ್ಸ್‌ನ ಮುಖ್ಯ ಕ್ವಾರ್ಟರ್‌ಬ್ಯಾಕ್ ಟ್ರೆಂಟ್ ಗ್ರೀನ್ ಋತು ಆರಂಭವಾಗುವ ಮೊದಲೇ ಮೊಣಕಾಲಿಗೆ ಪೆಟ್ಟು ಮಾಡಿಕೊಂಡಾಗ, ತರಬೇತುದಾರ ಡಿಕ್ ವರ್ಮೀಲ್ ಆ ಸ್ಥಾನವನ್ನು ವಾರ್ನರ್‌ಗೆ ಕೊಟ್ಟರು. ಅದಕ್ಕೆ ಕೆಲವೇ ತಿಂಗಳುಗಳ ಹಿಂದೆ, ಹೊಸದಾಗಿ ಕಟ್ಟುತ್ತಿದ್ದ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡ ಬೇಕೆಂದರೆ ಎತ್ತಿಕೊಳ್ಳಬಹುದಾದವರ ಪಟ್ಟಿಯಲ್ಲಿ ರ್‍ಯಾಮ್ಸ್ ತಂಡ ವಾರ್ನರ್‌ರನ್ನೂ ಸೇರಿಸಿತ್ತು, ಆ ತಂಡವೂ ಅವರನ್ನು ಆರಿಸಲಿಲ್ಲ ಎಂಬುದನ್ನು ನೆನೆದಾಗಲೆಲ್ಲ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಮೈಕ್ ಮಾರ್ಟ್ಸ್ ಹೆಣೆದ ಆಕ್ರಮಣ ಪದ್ಧತಿಗೆ ಬೇಕಾಗಿದ್ದದ್ದೂ ಇದೇ ಗುಣ, ಅಂದರೆ ಕಣ್ಣಿಗೆ ಕಾಣುವ ಮೊದಲೇ ನಂಬಿ ಎಸೆಯುವುದು. ಹಿಂದಿನ ವರ್ಷ 4 ಗೆದ್ದು 12 ಸೋತಿದ್ದ ತಂಡ ಆ ವರ್ಷ 13 ಗೆದ್ದು ಮೂರನ್ನಷ್ಟೇ ಸೋತಿತು. ವಾರ್ನರ್ 4,353 ಯಾರ್ಡ್‌ಗಳನ್ನೂ (ಎಸೆತಗಳಿಂದ ತಂಡ ಮುಂದುವರಿದ ದೂರ) 41 ಟಚ್‌ಡೌನ್‌ಗಳನ್ನೂ (ಚೆಂಡು ಎದುರಾಳಿಯ ಗೋಲ್ ಗೆರೆ ದಾಟಿದಾಗ ಸಿಗುವ ಅಂಕ) ಎಸೆದರು. ಒಂದೇ ಋತುವಿನಲ್ಲಿ 40 ದಾಟಿದವರು ಅಲ್ಲಿಯವರೆಗೆ ಡ್ಯಾನ್ ಮರೀನೊ ಒಬ್ಬರೇ. ಮಾರ್ಷಲ್ ಫಾಕ್, ಐಸಾಕ್ ಬ್ರೂಸ್, ಟೋರಿ ಹೋಲ್ಟ್‌ರಂಥ ಪ್ರತಿಭಾವಂತರು ಜೊತೆಗಿದ್ದರೆಂಬುದು ನಿಜವೇ. ಆದರೆ 34ನೆಯ ಸೂಪರ್ ಬೌಲ್‌ನ ಆ ಕೊನೆಯ ಟಚ್‌ಡೌನನ್ನು ಇನ್ನೊಮ್ಮೆ ನೋಡಿ. ಟೆನೆಸ್ಸಿ ಟೈಟನ್ಸ್ 16-16ಕ್ಕೆ ಸಮ ಮಾಡಿಕೊಂಡಿದೆ, ಎರಡು ನಿಮಿಷದಷ್ಟು ಆಟ ಉಳಿದಿದೆ, ಎದುರಾಳಿ ತಂಡದ ಜೆವನ್ ಕರ್ಸ್ ಬಂದು ಅಪ್ಪಳಿಸುತ್ತಿದ್ದಾರೆ, ಆದರೂ ಚೆಂಡು ಕೈಬಿಟ್ಟು ಬ್ರೂಸ್‌ರತ್ತ ಹೊರಟಾಗಿದೆ. 73 ಯಾರ್ಡ್‌ಗಳ ಆ ಆಟವೇ 23-16ರ ಗೆಲುವನ್ನು ತಂದಿತು. ಹೊಡೆತ ಬರುತ್ತಿರುವುದು ಗೊತ್ತಿದ್ದೂ ಕಣ್ಣನ್ನು ಮೈದಾನದಿಂದ ಕೀಳದೆ ನಿಲ್ಲುವ ಆ ಧೈರ್ಯ ಜೊತೆಗಾರರಿಂದ ಬರುವಂಥದ್ದಲ್ಲ.

ಉತ್ತರ 2

ಮೇಲಿನ ವಿವರಣೆಯನ್ನು ಒಪ್ಪುತ್ತೇನೆ, ಆದರೆ ಅದು ಕುಸಿತವನ್ನು ವಿವರಿಸುವುದಿಲ್ಲ. ಕೈಯ ಗಾಯವನ್ನು ಬಿಟ್ಟು ಈ ಚರ್ಚೆ ಪೂರ್ಣವಾಗದು. 2000ದಲ್ಲಿ ಎಸೆಯುವ ಕೈಯ ಕಿರುಬೆರಳು ಮುರಿದು ಅವರು ಐದು ಪಂದ್ಯಗಳನ್ನು ಕಳೆದುಕೊಂಡರು. 2002ರಲ್ಲಿ ಅದೇ ಕೈಗೆ ಮತ್ತೆ ಪೆಟ್ಟಾಯಿತು. ಆ ವರ್ಷ ಅವರು ಎಸೆದ ಟಚ್‌ಡೌನ್‌ಗಳು 3, ಇಂಟರ್‌ಸೆಪ್ಷನ್‌ಗಳು (ಎದುರಾಳಿ ಕಸಿದುಕೊಂಡ ಎಸೆತಗಳು) 11. 2003ರ ಮೊದಲ ಪಂದ್ಯದಲ್ಲಿ ನ್ಯೂಯಾರ್ಕ್ ಜೈಂಟ್ಸ್ ವಿರುದ್ಧ ಆರು ಬಾರಿ ಚೆಂಡು ಕೈಜಾರಿತು, ತಲೆಗೂ ಪೆಟ್ಟು ಬಿತ್ತು. ಅಲ್ಲಿಂದ ಆ ಸ್ಥಾನ ಮಾರ್ಕ್ ಬಲ್ಜರ್‌ಗೆ ಹೋಯಿತು. ಚೆಂಡಿನ ಮೇಲೆ ಹಿಡಿತವೇ ಇಲ್ಲದವರಿಗೆ ಮುಂಚಿತವಾಗಿ ಎಸೆಯುವ ಕಲೆಯಿಂದ ಏನು ಪ್ರಯೋಜನ?

ಇದರ ಜೊತೆಗೆ, ಓಡಿ ತಪ್ಪಿಸಿಕೊಳ್ಳುವುದು ಅವರ ಬಲವಾಗಿರಲಿಲ್ಲ. ಮುಂದಿನ ಸಾಲಿನ ರಕ್ಷಣೆ ಸಡಿಲವಾದ ದಿನ ಬೇರೆ ಕ್ವಾರ್ಟರ್‌ಬ್ಯಾಕ್‌ಗಳಿಗಿಂತ ಅವರು ಹೆಚ್ಚು ನಷ್ಟ ಅನುಭವಿಸುತ್ತಿದ್ದರು. 2004ರಲ್ಲಿ ಜೈಂಟ್ಸ್‌ನಲ್ಲಿ ಐದು ಗೆದ್ದು ನಾಲ್ಕು ಸೋತಿದ್ದಾಗಲೇ ಅವರನ್ನು ಪಕ್ಕಕ್ಕೆ ಸರಿಸಿ, ಆ ವರ್ಷದ ಡ್ರಾಫ್ಟ್‌ನ ಮೊದಲ ಆಯ್ಕೆಯಾಗಿದ್ದ ಎಲೈ ಮ್ಯಾನಿಂಗ್‌ರನ್ನು ಕಣಕ್ಕಿಳಿಸಲಾಯಿತು. ಅದನ್ನು ವಾರ್ನರ್ ಅವರ ಸೋಲು ಎಂದು ಎಣಿಸುವುದು ನ್ಯಾಯವಲ್ಲ. ತಂಡ ತನ್ನ ಭವಿಷ್ಯವನ್ನು ಆರಿಸಿಕೊಂಡಿತು, ಅಷ್ಟೇ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಕೈಯ ವಿಚಾರವನ್ನು ನಾನು ಗಮನಿಸಿರಲಿಲ್ಲ. ಆದರೆ 2001ರಲ್ಲಿ, 14 ಪಂದ್ಯ ಗೆದ್ದು ಎರಡನ್ನಷ್ಟೇ ಸೋತ ವರ್ಷದಲ್ಲೂ, ಅವರು 22 ಇಂಟರ್‌ಸೆಪ್ಷನ್ ಎಸೆದಿದ್ದಾರಲ್ಲ? ಅದನ್ನೂ ಗಾಯದ ಲೆಕ್ಕಕ್ಕೆ ಬರೆಯಬಹುದೇ?

ಉತ್ತರ 1 ಬರೆದವರು

ಪೂರ್ತಿಯಾಗಿ ಅಲ್ಲ. ರಿಸೀವರ್ ತಿರುಗುವ ಮೊದಲೇ ಎಸೆಯುವವರು ಎದುರಾಳಿಯ ಲೆಕ್ಕಾಚಾರಕ್ಕೂ ಸಿಕ್ಕಿಬೀಳುತ್ತಾರೆ. ರಿಸೀವರ್‌ನನ್ನು ಅವನ ದಾರಿಯಲ್ಲೇ ತಡೆದು ನಿಧಾನಗೊಳಿಸಿದರೆ ಚೆಂಡು ಖಾಲಿ ಜಾಗಕ್ಕೋ ಎದುರಾಳಿಯ ಕೈಗೋ ಹೋಗುತ್ತದೆ. 36ನೆಯ ಸೂಪರ್ ಬೌಲ್‌ನಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಮಾಡಿದ್ದು ಅದನ್ನೇ. ವಾರ್ನರ್ 365 ಯಾರ್ಡ್ ಎಸೆದರೂ ಟೈ ಲಾ ಒಂದು ಎಸೆತವನ್ನು ಕಸಿದು 47 ಯಾರ್ಡ್ ಓಡಿ ಅಂಕ ಗಳಿಸಿದರು, ರ್‍ಯಾಮ್ಸ್ 20-17ರಲ್ಲಿ ಸೋತಿತು. ಈ ಶೈಲಿಯ ಲಾಭ ಮತ್ತು ನಷ್ಟ ಎರಡೂ ಒಂದೇ ಬೇರಿನವು.

ಉತ್ತರ 3

ಅರಿಜೋನಾದ ವರ್ಷಗಳನ್ನು ಯಾರೂ ಮುಟ್ಟಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಅಲ್ಲಿಯೂ 2006ರಲ್ಲಿ ಡ್ರಾಫ್ಟ್‌ನಿಂದ ಬಂದ ಮ್ಯಾಟ್ ಲೈನಾರ್ಟ್‌ಗೆ ಅವರು ಜಾಗ ಬಿಡಬೇಕಾಯಿತು. 2007ರಲ್ಲಿ ಲೈನಾರ್ಟ್‌ರ ಕೊರಳೆಲುಬು ಮುರಿದಾಗ ಆ ಜಾಗ ಮರಳಿ ಸಿಕ್ಕಿತು; 2008ರಲ್ಲಿ ಮಾತ್ರ ಅವರು ಅದನ್ನು ಸ್ಪರ್ಧಿಸಿಯೇ ಗೆದ್ದುಕೊಂಡರು. ಆ ಹೊತ್ತಿಗೆ ಅವರು ಕೈಗವಸು ತೊಟ್ಟು ಎಸೆಯುತ್ತಿದ್ದರು, ಇದು ಎರಡನೆಯ ಉತ್ತರ ಬರೆದವರ ವಾದಕ್ಕೆ ಪುಷ್ಟಿ ಕೊಡುತ್ತದೆ. ರಿಸೀವರ್ ಲ್ಯಾರಿ ಫಿಟ್ಸ್‌ಜೆರಾಲ್ಡ್ ಜೊತೆಗಿನ ಅವರ ಹೊಂದಾಣಿಕೆಯನ್ನು ನೋಡಿದವರಿಗೆ ಹಳೆಯ ವಾರ್ನರ್ ಎಲ್ಲೂ ಹೋಗಿರಲಿಲ್ಲ ಎಂಬುದು ಗೊತ್ತಾಗುತ್ತದೆ. 43ನೆಯ ಸೂಪರ್ ಬೌಲ್ ಅನ್ನು ಪಿಟ್ಸ್‌ಬರ್ಗ್ ಸ್ಟೀಲರ್ಸ್ 27-23ರಲ್ಲಿ ಗೆದ್ದಿತು; ಜೇಮ್ಸ್ ಹ್ಯಾರಿಸನ್ ಕಸಿದು 100 ಯಾರ್ಡ್ ಓಡಿದ ಆ ಎಸೆತ ವಾರ್ನರ್ ಅವರದೇ ತಪ್ಪು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅದೇ ಪಂದ್ಯದಲ್ಲಿ ಅವರು 377 ಯಾರ್ಡ್ ಎಸೆದರು, ಕೊನೆಯ ಮೂರು ನಿಮಿಷಗಳೊಳಗೆ ಫಿಟ್ಸ್‌ಜೆರಾಲ್ಡ್‌ಗೆ ಕೊಟ್ಟ 64 ಯಾರ್ಡ್‌ಗಳ ಟಚ್‌ಡೌನ್‌ನಿಂದ ತಂಡವನ್ನು ಮುಂದಕ್ಕೂ ತಂದರು. ಆ ಪಂದ್ಯ ಮುಗಿದಾಗ ಸೂಪರ್ ಬೌಲ್ ಇತಿಹಾಸದ ಅತಿ ಹೆಚ್ಚು ಪಾಸಿಂಗ್ ಯಾರ್ಡ್‌ಗಳ ಮೊದಲ ಮೂರು ಸ್ಥಾನಗಳೂ ಅವರ ಹೆಸರಿನಲ್ಲೇ ಇದ್ದವು.

ಪ್ರಶ್ನೆ ಕೇಳಿದವರು ಇನ್ನೊಂದೇ ಪಂದ್ಯ ನೋಡುವುದಾದರೆ, 2010ರ ಜನವರಿಯಲ್ಲಿ ಗ್ರೀನ್ ಬೇ ವಿರುದ್ಧ 51-45ರಲ್ಲಿ ಗೆದ್ದ ಪ್ಲೇಆಫ್ (ನಾಕೌಟ್) ಪಂದ್ಯವನ್ನು ನೋಡಲಿ. 33 ಎಸೆತಗಳಲ್ಲಿ 29 ಗುರಿ ಮುಟ್ಟಿದವು, ಟಚ್‌ಡೌನ್‌ಗಳು ಐದು. ಅಂದರೆ ಗುರಿ ತಪ್ಪಿದ ಎಸೆತಗಳಿಗಿಂತ ಟಚ್‌ಡೌನ್‌ಗಳೇ ಹೆಚ್ಚು. ಹದಿನಾರು ವರ್ಷಗಳ ಹಿಂದೆ ಅವರನ್ನು ಶಿಬಿರದಿಂದ ಮನೆಗೆ ಕಳುಹಿಸಿದ್ದದ್ದು ಅದೇ ಗ್ರೀನ್ ಬೇ. ಮುಂದಿನ ವಾರ ನ್ಯೂ ಆರ್ಲಿಯನ್ಸ್‌ನಲ್ಲಿ ಬಲವಾದ ಪೆಟ್ಟು ತಿಂದು ಸೋತರು, ಆ ತಿಂಗಳು ಮುಗಿಯುವುದರೊಳಗೆ ನಿವೃತ್ತಿ ಘೋಷಿಸಿದರು.