ಓದುಗರ ಸ್ಪಂದನ: ‘ಅಣ್ಣನನ್ನು ಗುಂಪಿನಿಂದ ತೆಗೆದುಬಿಡಲೇ?’

ಕಳೆದ ಸಂಚಿಕೆಯಲ್ಲಿ ಓದುಗರೊಬ್ಬರು ತಮ್ಮ ಅಣ್ಣನ ಬಗ್ಗೆ ಬರೆದಿದ್ದರು. ನಿವೃತ್ತಿಯ ಮೇಲೆ ಅಣ್ಣ ಹಗಲೂ ರಾತ್ರಿ ವಿಡಿಯೊ ನೋಡುತ್ತಾರೆ. ಚಂದ್ರನ ಮೇಲೆ ಮನುಷ್ಯ ಇಳಿದದ್ದು ಸ್ಟುಡಿಯೊ ನಾಟಕ, ಲಸಿಕೆ ಎಂಬುದು ಜನಸಂಖ್ಯೆ ತಗ್ಗಿಸುವ ಹುನ್ನಾರ, ಇಡೀ ಜಗತ್ತನ್ನು ಹತ್ತಾರು ಜನ ಗುಟ್ಟಾಗಿ ಆಳುತ್ತಿದ್ದಾರೆ ಎಂದು ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ದಿನವೂ ಹತ್ತು ಹದಿನೈದು ಫಾರ್ವರ್ಡ್ ಕಳಿಸುತ್ತಾರೆ. ಒಂದು ದಿನ ಪತ್ರ ಬರೆದ ಈ ತಂಗಿಯೇ ಗುಂಪಿನಲ್ಲಿ ಅವರನ್ನು ‘ತಲೆಕೆಟ್ಟವನು’ ಎಂದುಬಿಟ್ಟರು. ಅಂದಿನಿಂದ ಮಾತಿಲ್ಲ. ಈಗ ಅಣ್ಣನ ಮಗಳು ತನ್ನ ಕೂಸಿಗೆ ದಡಾರದ ಲಸಿಕೆ ಹಾಕಿಸಲು ಹಿಂದೆಮುಂದೆ ನೋಡುತ್ತಿದ್ದಾಳೆ. ‘ಅಣ್ಣನನ್ನು ಗುಂಪಿನಿಂದ ತೆಗೆದುಬಿಡಲೇ?’ ಎಂಬುದು ಅವರ ಪ್ರಶ್ನೆಯಾಗಿತ್ತು. ಬಂದ ಪತ್ರಗಳಲ್ಲಿ ಎಲ್ಲಕ್ಕಿಂತ ದೀರ್ಘವಾದದ್ದನ್ನು ಮೊದಲು ಕೊಡುತ್ತಿದ್ದೇವೆ. ಅದನ್ನು ಕತ್ತರಿಸಲು ಮನಸ್ಸಾಗಲಿಲ್ಲ.

---

ತಂಗೀ, ನಿಮ್ಮ ಪತ್ರ ಓದಿ ಎರಡು ದಿನ ಪೆನ್ನು ಹಿಡಿಯಲಾಗಲಿಲ್ಲ. ಮಾಯಿತು ಅಂದುಕೊಂಡಿದ್ದ ಗಾಯ ಮತ್ತೆ ಹಸಿಯಾಯಿತು. ಆ ಕಥೆ ಇಲ್ಲಿ ಬೇಡ. ಕೆಲಸಕ್ಕೆ ಬರುವುದನ್ನಷ್ಟೇ ಬರೆಯುತ್ತೇನೆ.

ಗುಂಪಿನಲ್ಲಿ ಇನ್ನು ಮೇಲೆ ವಾದಕ್ಕೆ ಇಳಿಯಬೇಡಿ. ಎಲ್ಲರೆದುರು ತಪ್ಪೊಪ್ಪಿಕೊಳ್ಳುವುದು ಯಾರಿಗೂ ಕಷ್ಟ, ಅದರಲ್ಲೂ ಮನೆಯ ಹಿರಿಯರಿಗೆ ತೀರಾ ಕಷ್ಟ. ಇನ್ನೊಂದು ಕಾರಣವೂ ಇದೆ. ಸುಳ್ಳನ್ನು ಅಲ್ಲಗಳೆಯಲೆಂದು ನೀವು ಅದನ್ನೇ ಮತ್ತೆ ಅಂಟಿಸಿದಾಗ ಓದುವವರ ತಲೆಗೆ ಅದು ಇನ್ನೊಮ್ಮೆ ಇಳಿಯುತ್ತದೆ. ಒಂದೇ ಮಾತನ್ನು ಪದೇ ಪದೇ ಕೇಳಿದವರಿಗೆ ಅದು ನಿಜವೆನಿಸತೊಡಗುತ್ತದೆ ಎಂದು ಮನಶ್ಶಾಸ್ತ್ರಜ್ಞರು 1977ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಬೇರೆಯವರಿಗಾಗಿ ಉತ್ತರಿಸಲೇಬೇಕಾಗಿ ಬಂದರೆ ಮೊದಲ ಸಾಲಿನಲ್ಲಿ ನಿಜ ಸಂಗತಿ ಬರೆಯಿರಿ. ಆಮೇಲೆ ‘ಇದರ ಬಗ್ಗೆ ಒಂದು ತಪ್ಪು ಸುದ್ದಿ ಓಡಾಡುತ್ತಿದೆ’ ಎಂದು ಎಚ್ಚರಿಸಿ, ಸುಳ್ಳನ್ನು ಒಂದೇ ಒಂದು ಸಲ ಹೇಳಿ, ಅದರಲ್ಲಿ ಕಣ್ಕಟ್ಟು ಎಲ್ಲಿದೆ ಎಂದು ತೋರಿಸಿ. ಕೊನೆಯ ಸಾಲಿನಲ್ಲಿ ಮತ್ತೆ ನಿಜ ಸಂಗತಿ. ಅಷ್ಟು ಸಾಕು.

ಅಣ್ಣನ ಜೊತೆಗಿನ ಮಾತು ಎದುರಾಬದುರು ಕೂತೇ ಆಗಬೇಕು, ಮೂರನೆಯವರು ಇರಬಾರದು. ಒಂದು ಸಲಕ್ಕೆ ಒಂದೇ ವಿಷಯ. ಅವರು ನಂಬಿರುವುದನ್ನು ಅವರ ಬಾಯಿಂದಲೇ ಹೇಳಿಸಿ, ಅವರ ಮಾತುಗಳಲ್ಲೇ ಕಾಗದದ ಮೇಲೆ ಬರೆದುಕೊಳ್ಳಿ, ಓದಿ ಹೇಳಿ, ‘ಸರಿಯಾಗಿ ಬರೆದಿದ್ದೀನಾ?’ ಎಂದು ಕೇಳಿ. ಅವರು ಹೌದು ಅನ್ನುವ ತನಕ ಮುಂದಕ್ಕೆ ಹೋಗಬೇಡಿ. ನಂತರ ‘ನೂರಕ್ಕೆ ಎಷ್ಟು ಖಾತ್ರಿ?’ ಎಂದು ಕೇಳಿ. ಎಂಬತ್ತು ಅಂದರೆ, ಉಳಿದ ಇಪ್ಪತ್ತು ಯಾಕೆ ಎಂದು ಅವರೇ ಹೇಳಲಿ. ಅನುಮಾನವನ್ನು ನಾವು ತುರುಕುವುದಕ್ಕಿಂತ ಅವರೊಳಗೇ ಇರುವುದನ್ನು ಅವರೇ ಗುರುತಿಸುವುದು ಎಷ್ಟೋ ಮೇಲು. ಮೂರನೆಯ ಪ್ರಶ್ನೆಯೇ ಮುಖ್ಯ: ‘ಏನು ಕಣ್ಣಿಗೆ ಬಿದ್ದರೆ ನಿನ್ನ ಅಭಿಪ್ರಾಯ ಬದಲಾದೀತು ಅಣ್ಣ?’ ಉತ್ತರವನ್ನು ಹುಡುಕಾಟ ಶುರುಮಾಡುವ ಮೊದಲೇ ಬರೆದಿಡಿ. ಇಲ್ಲವಾದರೆ ಒಂದು ಸಾಕ್ಷಿ ಸಿಕ್ಕಿದ ಕೂಡಲೇ ‘ಅದೂ ಅವರದ್ದೇ ಕೈವಾಡ’ ಎಂಬ ಮಾತು ಬರುತ್ತದೆ. ‘ಯಾವುದರಿಂದಲೂ ಬದಲಾಗಲ್ಲ’ ಎಂದರೆ ಅವತ್ತಿಗೆ ನಿಲ್ಲಿಸಿ. ಜಗಳಕ್ಕೆ ಕೂರಬೇಡಿ.

ಹೆಚ್ಚಾಗಿ ಕೈಕೊಡುವುದು ವಿಷಯ ಹಾರುವಾಗ. ಲಸಿಕೆಯ ಮಾತಿನ ನಡುವೆ ಚಂದ್ರ ಬರುತ್ತಾನೆ, ಚಂದ್ರನ ನಡುವೆ ಬ್ಯಾಂಕು ಬರುತ್ತದೆ. ಎರಡನೆಯ ಹಾಳೆಯಲ್ಲಿ ಅದನ್ನೂ ಬರೆದಿಟ್ಟು, ‘ಇದು ಮುಂದಿನ ಸಲಕ್ಕೆ’ ಎಂದು ಹೇಳಿ ಹಿಂದಕ್ಕೆ ಬನ್ನಿ. ಬರೆದಿಟ್ಟಿದ್ದು ಕಂಡರೆ ತಮ್ಮನ್ನು ತಳ್ಳಿಹಾಕಲಿಲ್ಲ ಎಂದು ಅವರಿಗೂ ಸಮಾಧಾನ.

ಇಂಥವರ ಮನಸ್ಸು ಬದಲಾಗುವುದೇ ಇಲ್ಲ ಎನ್ನುವುದು ನಿಜವಲ್ಲ. 2024ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ 2,190 ಅಮೆರಿಕನ್ನರು ತಾವು ನಂಬಿದ ಪಿತೂರಿಯನ್ನೂ ಅದಕ್ಕೆ ತಮ್ಮ ಕಾರಣಗಳನ್ನೂ ಸ್ವಂತ ಮಾತಿನಲ್ಲಿ ಬರೆದರು. ಒಂದು ಎಐ ಆ ಕಾರಣಗಳಿಗೇ ನೇರವಾಗಿ, ವಿವರವಾಗಿ ಮೂರು ಸುತ್ತು ಉತ್ತರಿಸಿತು. ನಂಬಿಕೆ ಸರಾಸರಿ ಶೇ 20ರಷ್ಟು ಇಳಿಯಿತು, ಎರಡು ತಿಂಗಳ ಮೇಲೂ ಹಾಗೇ ಇತ್ತು. ಶೇ 20 ಎಂದರೆ ಪೂರ್ತಿ ವಾಸಿಯಲ್ಲ. ಆದರೆ ‘ಎಲ್ಲ ವಿಜ್ಞಾನಿಗಳೂ ಹೇಳುತ್ತಾರೆ’ ಎಂಬ ಸಾರಾಸಗಟು ಮಾತಿಗಿಂತ, ಆ ವ್ಯಕ್ತಿ ಕೊಟ್ಟ ಕಾರಣಕ್ಕೇ ಕೊಟ್ಟ ಉತ್ತರ ನಾಟುತ್ತದೆ ಎಂಬುದು ಅದರಲ್ಲಿ ಕಾಣುತ್ತದೆ.

ಇನ್ನೊಂದು ಮಾತು. ಪಿತೂರಿಗಳು ನಡೆದೇ ಇಲ್ಲ ಎಂದು ಯಾವತ್ತೂ ಹೇಳಬೇಡಿ, ನಡೆದಿವೆ. ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯವರು 1932ರಿಂದ 1972ರ ತನಕ ಅಲಬಾಮಾದ ಟಸ್ಕೀಗಿಯಲ್ಲಿ ಸುಮಾರು 600 ಕಪ್ಪು ಜನಾಂಗದ ಗಂಡಸರ ಮೇಲೆ ಅಧ್ಯಯನ ನಡೆಸಿದರು. ಅವರಲ್ಲಿ 399 ಜನಕ್ಕೆ ಸಿಫಿಲಿಸ್ ಎಂಬ ಲೈಂಗಿಕ ರೋಗ ಇತ್ತು. ಅದನ್ನು ಗುಣಪಡಿಸುವ ಪೆನಿಸಿಲಿನ್ ಬಂದ ಮೇಲೂ ಅವರಿಗೆ ಕೊಡಲಿಲ್ಲ, ಕಾಯಿಲೆ ಇದೆಯೆಂದೂ ಸರಿಯಾಗಿ ತಿಳಿಸಲಿಲ್ಲ. ಇದನ್ನು ಮೊದಲು ಒಪ್ಪಿಕೊಳ್ಳಿ. ಆಮೇಲೆ, ಅದು ಬಯಲಾದದ್ದು ಹೇಗೆ ಎಂದು ಇಬ್ಬರೂ ಸೇರಿ ನೋಡಿ. ಅದೇ ಇಲಾಖೆಯಲ್ಲಿ ಕೆಲಸ ಮಾಡಿದವರೊಬ್ಬರು ಹೊರಗೆ ಹೇಳಿದರು, 1972ರ ಜುಲೈನಲ್ಲಿ ಸುದ್ದಿಸಂಸ್ಥೆಯೊಂದು ಪ್ರಕಟಿಸಿತು, ದಾಖಲೆಗಳಿದ್ದವು, ಹೆಸರುಗಳಿದ್ದವು, ವಿಚಾರಣೆ ನಡೆಯಿತು. ಅಣ್ಣ ಕಳಿಸುವ ವಿಡಿಯೊಗಳಲ್ಲಿ ಇವುಗಳಲ್ಲಿ ಯಾವುದಿದೆ, ಯಾವುದಿಲ್ಲ ಎಂದು ಅವರೇ ಗುರುತು ಹಾಕಲಿ.

ತೆಗೆದುಹಾಕಬೇಡಿ ತಂಗೀ. ಹೊರಗೆ ಹೋದವರಿಗೆ ‘ಬನ್ನಿ, ನಿಮ್ಮನ್ನು ನಾವು ನಂಬುತ್ತೇವೆ’ ಎನ್ನುವವರು ಕಾದೇ ಇರುತ್ತಾರೆ.

— ಒಬ್ಬ ಆಪ್ತಸಮಾಲೋಚಕಿ

---

ಮುಂದಿನ ಪತ್ರ ಎರಡೇ ಸಾಲಿನದು. ಮೃದುವಾಗಿಲ್ಲ, ಆದರೂ ಬಿಟ್ಟುಬಿಡಲು ಆಗಲಿಲ್ಲ.

---

ಹಿರಿಯಣ್ಣನನ್ನು ಎಲ್ಲರೆದುರು ತಲೆಕೆಟ್ಟವನು ಎಂದವರು ನೀವು. ಮೊದಲು ಅದೇ ಗುಂಪಿನಲ್ಲಿ, ಅಷ್ಟೇ ಜನರೆದುರು ಕ್ಷಮೆ ಕೇಳಿ. ಚಂದ್ರ, ಲಸಿಕೆ ಎಲ್ಲ ಆಮೇಲೆ.

— ನಿವೃತ್ತ ಮುಖ್ಯೋಪಾಧ್ಯಾಯ

---

ಲಸಿಕೆಯ ಪ್ರಶ್ನೆಗೆ ಕಾಯಲು ಸಮಯವಿಲ್ಲ ಎಂದು ಹಲವರು ಎಚ್ಚರಿಸಿದ್ದಾರೆ. ನಮಗೂ ಹಾಗೇ ಅನಿಸಿತು.

---

ಅಣ್ಣನನ್ನು ಒಪ್ಪಿಸಿ ಆಮೇಲೆ ಲಸಿಕೆ ಎಂದು ಕೂತರೆ ಕಾಲ ಮೀರುತ್ತದೆ. ಕೂಸು ತಾಯಿಯದು, ತಾಯಿಯ ಜೊತೆ ಮಾತಾಡಿ. ನೀವು ಆಕೆಗೆ ಸೋದರತ್ತೆ, ನಿಮ್ಮ ಮಾತಿಗೆ ತೂಕವಿದೆ. ‘ನಿಮ್ಮಪ್ಪ ಹೇಳಿದ್ದು ಸುಳ್ಳು’ ಎಂದು ಶುರುಮಾಡಬೇಡಿ, ಆಕೆ ಅಪ್ಪನ ಕಡೆ ನಿಲ್ಲುತ್ತಾಳೆ. ‘ನಿನಗೆ ಯಾವುದರ ಭಯ?’ ಎಂದು ಕೇಳಿ.

ಆಟಿಸಂ ಎಂಬ ಉತ್ತರ ಬರುವ ಸಂಭವ ಹೆಚ್ಚು. ಆ ಭಯದ ಮೂಲ ಹೀಗಿದೆ: 1998ರಲ್ಲಿ ಆ್ಯಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರು ಕೇವಲ 12 ಮಕ್ಕಳನ್ನು ಇಟ್ಟುಕೊಂಡು ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ, ಈ ಲಸಿಕೆಗೂ ಆಟಿಸಂಗೂ ನಂಟಿರಬಹುದೆಂದು ಸೂಚಿಸುವ ಒಂದು ಲೇಖನ ಬರೆದರು. ಪತ್ರಿಕೆ 2010ರಲ್ಲಿ ಅದನ್ನು ಹಿಂದಕ್ಕೆ ಪಡೆಯಿತು. ಅದೇ ವರ್ಷ ಬ್ರಿಟನ್ನಿನ ವೈದ್ಯರ ಪಟ್ಟಿಯಿಂದ ಅವರ ಹೆಸರನ್ನು ತೆಗೆದರು. ಡೆನ್ಮಾರ್ಕಿನಲ್ಲಿ 1999ರಿಂದ 2010ರ ನಡುವೆ ಹುಟ್ಟಿದ 6,57,461 ಮಕ್ಕಳ ದಾಖಲೆ ನೋಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿಸಿ ಕೊಡುವ ಲಸಿಕೆ ಪಡೆದವರಲ್ಲಿ ಆಟಿಸಂ ಹೆಚ್ಚಾಗಿರಲಿಲ್ಲ. ಹಾಗಿದ್ದರೂ ಭಯ ಯಾಕೆ ಉಳಿದಿದೆ ಅಂದರೆ, ಈ ಲಸಿಕೆ ಹಾಕುವ ವಯಸ್ಸೂ ಆಟಿಸಂನ ಲಕ್ಷಣ ಮನೆಯವರ ಕಣ್ಣಿಗೆ ಬೀಳುವ ವಯಸ್ಸೂ ಹೆಚ್ಚುಕಡಿಮೆ ಒಂದೇ. ಒಂದರ ಹಿಂದೆ ಒಂದು ಬಂದದ್ದಕ್ಕೆ ಒಂದರಿಂದ ಇನ್ನೊಂದು ಬಂತು ಎನಿಸುತ್ತದೆ. ಇದನ್ನು ಆಕೆಗೆ ಬಿಡಿಸಿ ಹೇಳಿ.

ಜ್ವರ, ದದ್ದು ಬರಬಹುದು ಎಂಬುದನ್ನು ಮುಚ್ಚಿಡಬೇಡಿ. ಮುಚ್ಚಿಟ್ಟರೆ ಮೊದಲ ಜ್ವರದ ದಿನವೇ ನಿಮ್ಮ ಮೇಲಿನ ನಂಬಿಕೆ ಹೋಗುತ್ತದೆ. ದಡಾರದ ವಿಷಯವನ್ನೂ ಹೇಳಿ. ರೋಗಿಯ ಹತ್ತಿರವಿದ್ದು ರಕ್ಷಣೆ ಇಲ್ಲದವರಲ್ಲಿ ಹತ್ತಕ್ಕೆ ಒಂಬತ್ತು ಜನಕ್ಕೆ ಅದು ಅಂಟುತ್ತದೆ. ರೋಗಿ ಎದ್ದುಹೋದ ಮೇಲೂ ಎರಡು ಗಂಟೆಯ ತನಕ ವೈರಸ್ ಆ ಕೋಣೆಯ ಗಾಳಿಯಲ್ಲಿ ಇರಬಲ್ಲದು. ಸಮುದಾಯದಲ್ಲಿ ಹರಡದಿರಲು ನೂರಕ್ಕೆ ತೊಂಬತ್ತೈದು ಜನಕ್ಕೆ ರಕ್ಷಣೆ ಇರಬೇಕೆನ್ನುವುದು ಇದಕ್ಕೇ. ಆಸ್ಪತ್ರೆಗೆ ಆಕೆಯ ಜೊತೆಗೆ ನೀವೂ ಹೋಗಿ.

— ಮಕ್ಕಳ ವಿಭಾಗದ ಶುಶ್ರೂಷಕಿ

---

ಅಣ್ಣನ ವಿಷಯ ಬಿಟ್ಟು ಬರೀ ಚಂದ್ರನ ಬಗ್ಗೆ ಬರೆದವರೂ ಇದ್ದಾರೆ. ಅವರಲ್ಲಿ ಒಬ್ಬರದು:

---

ಗಾಳಿಯಿಲ್ಲದ ಚಂದ್ರನ ಮೇಲೆ ಧ್ವಜ ಅಲುಗಾಡುತ್ತದೆ, ಆಕಾಶದಲ್ಲಿ ನಕ್ಷತ್ರಗಳಿಲ್ಲ, ಆದ್ದರಿಂದ ಅದು ಸ್ಟುಡಿಯೊ ಎನ್ನುವುದು ಇಂಥ ವಿಡಿಯೊಗಳ ವಾದ. ಧ್ವಜ ಅಲುಗಾಡುವಂತೆ ಕಾಣುವುದು ಗಾಳಿಯಿಂದಲ್ಲ. ಬಟ್ಟೆ ಜೋತುಬೀಳಬಾರದೆಂದು ಮೇಲಂಚಿಗೆ ಅಡ್ಡ ಸರಳು ಹಾಕಿದ್ದರು. ಮನುಷ್ಯ ಮೊದಲು ಚಂದ್ರನ ಮೇಲೆ ಇಳಿದ ಅಪೊಲೊ 11ರಲ್ಲಿ ಆ ಸರಳು ಪೂರ್ತಿ ಚಾಚಿಕೊಳ್ಳಲಿಲ್ಲ, ಆದ್ದರಿಂದ ಬಟ್ಟೆ ನೆರಿಗೆ ನೆರಿಗೆಯಾಗಿಯೇ ಉಳಿಯಿತು. ನಕ್ಷತ್ರಗಳು ಕಾಣದಿರುವುದು ಕ್ಯಾಮೆರಾದ ಕಾರಣಕ್ಕೆ. ಬಿಸಿಲು ಬಿದ್ದ ನೆಲವನ್ನೂ ಬಿಳಿ ಉಡುಪನ್ನೂ ಹಿಡಿಯಲು ಷಟರ್ ತೀರಾ ಕಡಿಮೆ ಹೊತ್ತು ತೆರೆಯಬೇಕು, ಅಷ್ಟರಲ್ಲಿ ಮಂಕು ಚುಕ್ಕಿಗಳು ಮೂಡುವುದಿಲ್ಲ. ರಾತ್ರಿ ಬೀದಿದೀಪದ ಕೆಳಗೆ ನಿಂತವರ ಫೋಟೊ ತೆಗೆದು ಆಕಾಶ ನೋಡಿದರೆ ಗೊತ್ತಾಗುತ್ತದೆ.

ಎಚ್ಚರಿಕೆಯ ಮಾತೊಂದಿದೆ. ಅಪೊಲೊ 11, 14, 15 ಬಿಟ್ಟುಬಂದ ಪ್ರತಿಫಲಕಗಳಿಗೆ ಇವತ್ತಿಗೂ ಲೇಸರ್ ಹಾಯಿಸುತ್ತಾರೆ, ಬೆಳಕು ಹೋಗಿಬರಲು ಎರಡೂವರೆ ಸೆಕೆಂಡು. ಬಹಳ ಜನ ಇದನ್ನೇ ಕೊನೆಯ ಪುರಾವೆಯಾಗಿ ಹೇಳುತ್ತಾರೆ. ಅದೊಂದನ್ನೇ ನೆಚ್ಚಬೇಡಿ. ಸೋವಿಯತ್ ಒಕ್ಕೂಟದ ಲೂನೋಖೋಡ್ ಗಾಡಿಗಳೂ ಪ್ರತಿಫಲಕ ಹೊತ್ತಿದ್ದವು, ಅವುಗಳಲ್ಲಿ ಮನುಷ್ಯರಿರಲಿಲ್ಲ. ಅಣ್ಣನಿಗೆ ಇದು ಗೊತ್ತಿದ್ದರೆ ನೀವು ಪೇಚಿಗೆ ಸಿಗುತ್ತೀರಿ. ಕಲ್ಲುಮಣ್ಣಿನ ಲೆಕ್ಕ ಕೊಡಿ. ಆರು ಅಪೊಲೊ ಯಾನಗಳು ತಂದದ್ದು 382 ಕಿಲೊ. ಯಂತ್ರಗಳಷ್ಟೇ ಹೋಗಿದ್ದ ಸೋವಿಯತ್ ಯಾನಗಳಾದ ಲೂನಾ 16, 20, 24 ಮೂರೂ ಸೇರಿ ತಂದದ್ದು ಅರ್ಧ ಕಿಲೊಗೂ ಕಡಿಮೆ. ಅಪೊಲೊ ಮಾದರಿಗಳನ್ನು ಹಲವು ದೇಶಗಳ ಪ್ರಯೋಗಾಲಯಗಳು ಪರೀಕ್ಷಿಸಿವೆ.

— ಭೌತಶಾಸ್ತ್ರ ಅಧ್ಯಾಪಕ

---

ಫಾರ್ವರ್ಡ್ ಬಂದ ಕೂಡಲೇ ಏನು ಮಾಡಬೇಕು? ನಮ್ಮ ಓದುಗರು ಇದನ್ನು ಕೇಳಿರಲಿಲ್ಲ. ಆದರೂ ಈ ಉತ್ತರ ಗುಂಪಿನ ಉಳಿದವರಿಗೆ ನೆರವಾದೀತು.

---

ಎರಡು ಬಾಣದ ಗುರುತಿದ್ದು ‘ಹಲವು ಬಾರಿ ಫಾರ್ವರ್ಡ್ ಮಾಡಲಾಗಿದೆ’ ಎಂದಿದ್ದರೆ, ಆ ಸಂದೇಶ ಕನಿಷ್ಠ ಐದು ಕೈ ದಾಟಿ ಬಂದಿದೆ ಎಂದರ್ಥ. 2020ರ ಏಪ್ರಿಲ್‌ನಿಂದ ಅಂಥದ್ದನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಲು ಸಾಧ್ಯ. ಗುರುತಿಲ್ಲ ಎಂದ ಮಾತ್ರಕ್ಕೆ ಹೊಸತು ಎಂದುಕೊಳ್ಳಬೇಡಿ. ಸ್ಕ್ರೀನ್‌ಶಾಟ್ ತೆಗೆದು ಅಥವಾ ಕಾಪಿ ಮಾಡಿ ಕಳಿಸಿದರೆ ಗುರುತು ಅಳಿಸಿಹೋಗುತ್ತದೆ.

ವಿಡಿಯೊ ಆಗಿದ್ದರೆ ಅದರೊಳಗಿನ ಫಲಕ, ಕಟ್ಟಡ, ವಾಹನ ಸ್ಪಷ್ಟವಾಗಿ ಕಾಣುವ ಮೂರು ನಾಲ್ಕು ಕಡೆ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆಯಿರಿ. ಮೇಲೆ ಅಂಟಿಸಿದ ಬರಹ, ಲೋಗೊ ಕತ್ತರಿಸಿಹಾಕಿ. ಅವು ಉಳಿದರೆ ಹುಡುಕಾಟ ದಾರಿತಪ್ಪುತ್ತದೆ. ಚಿತ್ರ ಕೊಟ್ಟರೆ ಅದು ಬೇರೆಲ್ಲಿ ಬಂದಿದೆ ಎಂದು ಹುಡುಕಿಕೊಡುವ ಗೂಗಲ್ ಲೆನ್ಸ್‌ನಲ್ಲೂ ಟಿನ್‌ಐನಲ್ಲೂ ಹುಡುಕಿ. ಟಿನ್‌ಐನಲ್ಲಿ ಹಳೆಯದು ಮೊದಲು ಬರುವಂತೆ ಜೋಡಿಸಬಹುದು. ಸಿಗದಿದ್ದರೆ ಚಿತ್ರವನ್ನು ಎಡಬಲ ತಿರುಗಿಸಿ ಮತ್ತೆ ನೋಡಿ, ಪತ್ತೆ ತಪ್ಪಿಸಲು ಕನ್ನಡಿಯಲ್ಲಿ ಕಂಡಂತೆ ಮಗುಚಿರುವುದುಂಟು. ಘಟನೆ ನಡೆಯಿತೆನ್ನುವ ದಿನಕ್ಕಿಂತ ಮೊದಲೇ ಅದೇ ಚಿತ್ರ ಎಲ್ಲಾದರೂ ಬಂದಿದ್ದರೆ ಅಲ್ಲಿಗೆ ಮುಗಿಯಿತು. ಏನೂ ಸಿಗದಿದ್ದರೆ ನಿಜ ಎಂದಲ್ಲ, ಇನ್ನೂ ಗೊತ್ತಿಲ್ಲ ಎಂದಷ್ಟೇ. ಫೋಟೊದೊಳಗಿನ ದಿನಾಂಕ, ಸ್ಥಳದ ಮಾಹಿತಿ ನೋಡಲು ಹೋಗಬೇಡಿ. ವಾಟ್ಸ್ಆ್ಯಪ್‌ನಲ್ಲಿ ಫೋಟೊವಾಗಿ ಕಳಿಸಿದಾಗ ಅದು ಉದುರಿಹೋಗುತ್ತದೆ.

ಲೇಖನವಾದರೆ ಅದೇ ಪುಟದಲ್ಲಿ ಕೂತು ನಿಜವೋ ಸುಳ್ಳೋ ಎಂದು ತೂಗಬೇಡಿ. ಪುಟ ಬಿಟ್ಟು ಹೊಸ ಟ್ಯಾಬ್ ತೆರೆದು, ಆ ತಾಣದ ಬಗ್ಗೆ ಬೇರೆಯವರು ಏನನ್ನುತ್ತಾರೆ ನೋಡಿ. ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಇತಿಹಾಸಕಾರರು, ವಿದ್ಯಾರ್ಥಿಗಳು ಮತ್ತು ವೃತ್ತಿಪರ ಸತ್ಯಶೋಧಕರನ್ನು ಹೋಲಿಸಿದಾಗ, ಬೇಗ ಸರಿಯಾದ ಉತ್ತರಕ್ಕೆ ಬಂದವರು ಹೀಗೆ ಪುಟ ಬಿಟ್ಟು ಹೊರಬಂದ ಸತ್ಯಶೋಧಕರೇ. ಹೆಸರು, ಊರು, ದಿನ ಯಾವುದೂ ಇಲ್ಲದ ಧ್ವನಿಸಂದೇಶದಲ್ಲಿ ಪರಿಶೀಲಿಸಲು ಏನೂ ಇರುವುದಿಲ್ಲ, ಮುಂದಕ್ಕೆ ಕಳಿಸದಿರಲು ಅದೇ ಕಾರಣ ಸಾಕು.

— ಸುದ್ದಿಮನೆಯ ಪರಿಶೀಲಕ

---

ತೆಗೆದುಹಾಕುವುದೇ ಸರಿ ಎಂದವರ ಪತ್ರಗಳೂ ಬಂದಿವೆ. ಅವರ ಕಾಳಜಿಯೂ ನಿಜವಾದದ್ದೇ.

---

ಗುಂಪಿನಲ್ಲಿ ಮಕ್ಕಳಿದ್ದಾರೆ, ವಯಸ್ಸಾದವರಿದ್ದಾರೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರೂ ಇರುತ್ತಾರೆ. ಒಬ್ಬರ ಮಾನಕ್ಕಾಗಿ ಇಪ್ಪತ್ತು ಜನ ಸುಳ್ಳು ಓದಬೇಕೇ? 2006ರಿಂದ 2017ರ ತನಕ ಟ್ವಿಟರ್‌ನಲ್ಲಿ ಹರಡಿದ ಸುದ್ದಿಗಳನ್ನು ಅಳೆದು ನೋಡಿದವರು, 1,500 ಜನರನ್ನು ಮುಟ್ಟಲು ಸುಳ್ಳಿಗಿಂತ ನಿಜಕ್ಕೆ ಸುಮಾರು ಆರು ಪಟ್ಟು ಸಮಯ ಬೇಕು ಎಂದು 2018ರಲ್ಲಿ ತೋರಿಸಿದ್ದಾರೆ. ನೀವು ವಿವರಿಸುವಷ್ಟರಲ್ಲಿ ಅದು ಎಲ್ಲಿಗೋ ಮುಟ್ಟಿರುತ್ತದೆ. ತೆಗೆಯಲು ಮನಸ್ಸಿಲ್ಲದಿದ್ದರೆ, ಅಡ್ಮಿನ್ ಆಗಿ ಆ ಸಂದೇಶವನ್ನು ಎಲ್ಲರಿಗೂ ಕಾಣದಂತೆ ಅಳಿಸುವ ಅಧಿಕಾರ ನಿಮಗಿದೆ. ಅದನ್ನಾದರೂ ಬಳಸಿ.

— ಐದು ಗುಂಪುಗಳ ಅಡ್ಮಿನ್

---

ಅಳಿಸುವ ಮುನ್ನ ಅಣ್ಣನಿಗೆ ಒಂದು ಫೋನ್ ಮಾಡಿ ತಿಳಿಸಿದರೆ ಈ ಸಲಹೆ ಇನ್ನೂ ಚೆನ್ನಾಗಿ ನಡೆದೀತು ಎಂದು ನಮಗನಿಸುತ್ತದೆ. ಮುಂದಿನ ಪತ್ರ ಗ್ರಂಥಪಾಲಕರೊಬ್ಬರದು.

---

ಅಣ್ಣ ಹೇಳುವ ಮೂರು ಮಾತುಗಳಲ್ಲಿ ಎಲ್ಲರೂ ಹಗುರಾಗಿ ಬಿಟ್ಟದ್ದು ‘ಹತ್ತಾರು ಜನ ಗುಟ್ಟಾಗಿ ಜಗತ್ತನ್ನು ಆಳುತ್ತಾರೆ’ ಎಂಬುದನ್ನು. ನನಗೆ ಭಯ ಅದರದ್ದೇ. ಆ ಅಚ್ಚು ಬಹಳ ಹಳೆಯದು. 1903ರಲ್ಲಿ ರಷ್ಯದ ಪತ್ರಿಕೆಯೊಂದು ಯಹೂದಿ ಹಿರಿಯರ ರಹಸ್ಯ ಸಭೆಯ ನಡಾವಳಿ ಎಂದು ಒಂದು ಬರಹ ಅಚ್ಚು ಹಾಕಿತು. 1921ರಲ್ಲಿ ಲಂಡನ್ನಿನ ‘ಟೈಮ್ಸ್’ ಅದರ ಸಾಲುಗಳನ್ನು 1864ರ ಫ್ರೆಂಚ್ ವಿಡಂಬನೆಯೊಂದರ ಪಕ್ಕದಲ್ಲಿಟ್ಟು ಕದ್ದದ್ದೆಂದು ತೋರಿಸಿತು. ಮೂಲ ವಿಡಂಬನೆ ಫ್ರಾನ್ಸಿನ ಚಕ್ರವರ್ತಿ ಮೂರನೆಯ ನೆಪೋಲಿಯನ್ ಕುರಿತದ್ದು, ಅದರಲ್ಲಿ ಯಹೂದಿಗಳ ಮಾತೇ ಇರಲಿಲ್ಲ. ಬಯಲಾದ ಮೇಲೂ ನಾಜಿಗಳು ಅದನ್ನು ಹರಡಿದರು. ಅಣ್ಣ ಕಳಿಸಿದ ಸಂದೇಶದಲ್ಲಿ ‘ಅವರು’ ಎಂಬ ಪದದ ಕೆಳಗೆ ಗೆರೆ ಎಳೆದು, ಯಾರು ಎಂದು ಕೇಳಿ. ಉತ್ತರ ಒಂದು ಜಾತಿಯೋ ಧರ್ಮವೋ ಆದರೆ, ಸಮಾಧಾನದಿಂದಲೇ ಆದರೂ ಅಲ್ಲಿಯೇ ತಡೆಯಿರಿ.

— ಗ್ರಂಥಪಾಲಕ

---

ಅಣ್ಣ ಹಗಲೂ ರಾತ್ರಿ ವಿಡಿಯೊ ನೋಡುವುದನ್ನು ಗಮನಿಸಿ ಬರೆದವರು ಇವರೊಬ್ಬರೇ.

---

ಅಕ್ಕಾ, ಒಂದು ಸಂಜೆ ಅಣ್ಣನ ಪಕ್ಕ ಕೂತು, ಅವರ ಒಪ್ಪಿಗೆ ಪಡೆದು, ಅವರ ಕೈಯಲ್ಲೇ ಮಾಡಿಸಿ. ಯೂಟ್ಯೂಬ್‌ನಲ್ಲಿ ತಾನಾಗಿ ಮುಂದಿನ ವಿಡಿಯೊ ಶುರುವಾಗುವ ಆಟೊಪ್ಲೇ ಆಫ್ ಮಾಡಿ. ವೀಕ್ಷಣೆಯ ಇತಿಹಾಸ ಅಳಿಸಿ. ಬೇಡದ ಚಾನೆಲ್‌ನ ಪಕ್ಕದ ಮೂರು ಚುಕ್ಕಿ ಒತ್ತಿ ‘ಈ ಚಾನೆಲ್ ಶಿಫಾರಸು ಮಾಡಬೇಡಿ’ ಆರಿಸಿ. ಬರೀ ಅಳಿಸಿದರೆ ಸಾಲದು. ಖಾಲಿ ಜಾಗಕ್ಕೆ ಮತ್ತೆ ಅದೇ ಬರುತ್ತದೆ. ಅವರಿಗೆ ಮೊದಲು ಏನು ಇಷ್ಟವಿತ್ತೋ, ಹಳೆಯ ಹಾಡೋ ತೋಟಗಾರಿಕೆಯೋ, ಅವನ್ನು ಐದಾರು ಹುಡುಕಿ ಪೂರ್ತಿ ನೋಡಲಿ. ಕದ್ದು ಮಾತ್ರ ಮಾಡಬೇಡಿ. ಗೊತ್ತಾದರೆ ಫೋನ್ ಮತ್ತೆ ನಿಮ್ಮ ಕೈಗೆ ಬರುವುದಿಲ್ಲ, ಯಾರೋ ತಮ್ಮ ಮೇಲೆ ಕಣ್ಣಿಟ್ಟಿದ್ದಾರೆ ಎಂಬ ಅವರ ಮಾತು ಆಗ ನಿಜವೇ ಆಗುತ್ತದೆ.

— ಮೊಬೈಲ್ ರಿಪೇರಿ ಮಾಡುವವನು

---

ಸಮಸ್ಯೆ ಬರೆದ ಓದುಗರಿಗೆ ಎಲ್ಲ ಪತ್ರಗಳನ್ನೂ ಮೊದಲೇ ಕಳಿಸಿದ್ದೆವು. ಎರಡು ಸಾಲಿನ ಪತ್ರ ಬರೆದ ಮುಖ್ಯೋಪಾಧ್ಯಾಯರಿಗೆ ತಮ್ಮ ನಮಸ್ಕಾರ ತಿಳಿಸಬೇಕೆಂದು ಅವರು ಕೋರಿದ್ದಾರೆ.